ಅಮ್ಮನ ಪಕ್ಕದಲ್ಲಿ ಕೂತು

ಅಮ್ಮನಿಗೆ ಈಗ ಮಾತು ಕಡಿಮೆ. ಪ್ರಾರ್ಥನೆಯ ಹೊತ್ತಿಗೆ ಕೈ ಜೋಡಿಸಲು ಆಗುವುದಿಲ್ಲ ಅಂತ ನನ್ನ ಹೆಬ್ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನಿನ್ನೆ ರಾತ್ರಿ ಬೈಬಲ್ಲಿನ 23ನೇ ಕೀರ್ತನೆ ಓದುತ್ತಿದ್ದೆ, ಕಾರ್ಗತ್ತಲ ಕಣಿವೆಯ ಸಾಲಿಗೆ ಬಂದಾಗ ಗಂಟಲು ಕಟ್ಟಿತು, ಸುಮ್ನೆ ಕನ್ನಡಕ ಒರೆಸುತ್ತಾ ಕೂತೆ. ಮುಂದಿನದನ್ನು ಅಮ್ಮನೇ ಮೆಲ್ಲಗೆ ಹೇಳಿದರು, ನೀನು ಹತ್ತಿರ ಇದ್ದೀಯಲ್ಲಾ ಅಂತ. ಆಗಲೇ ಗಮನಿಸಿದ್ದು. ಅಲ್ಲಿಯವರೆಗೂ ದೇವರನ್ನು 'ಆತನು' ಅನ್ನುತ್ತಿದ್ದ ಕೀರ್ತನೆ ಆ ಕಣಿವೆಗೆ ಇಳಿದ ಕೂಡಲೇ 'ನೀನು' ಅನ್ನುತ್ತದೆ. ಎಷ್ಟು ವರ್ಷದಿಂದ ಬಾಯಿಪಾಠ ಒಪ್ಪಿಸಿದ್ದೇನೆ, ಕಂಡೇ ಇರಲಿಲ್ಲ!

ಪರಲೋಕದಲ್ಲಿ ಮತ್ತೆ ಸಿಗುತ್ತೇವೆ ಅಂತ ನಂಬಿದ್ದೇನೆ. ಆದರೂ ಅಳು ಜಾಸ್ತಿಯೇ ಬರುತ್ತದೆ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸಲು ಹೋದ ಯೇಸುವೇ ದಾರಿಯಲ್ಲಿ ಕಣ್ಣೀರು ಹಾಕಿದರು, ಅಲ್ವಾ?

ಇವತ್ತು ಬೈಬಲ್ಲಿನ ಯೋಹಾನನ ಸುವಾರ್ತೆಯ 14ನೇ ಅಧ್ಯಾಯ ಓದಬೇಕಂತೆ. ಅಮ್ಮನ ಆರ್ಡರ್.