ಮಾರ್ಚ್ ಮೂವತ್ತೊಂದರವರೆಗೆ

ಹ್ಯಾಂಬರ್ಗ್ ನಗರದಲ್ಲಿ ಕಟ್ಟಡಕ್ಕೆ ಸಂಖ್ಯೆ ಇರುತ್ತದೆ, ಒಳಗಿನ ಮನೆಗಳಿಗೆ ಇರುವುದಿಲ್ಲ. ನಾನಿರುವುದು ಐದು ಅಂತಸ್ತಿನ ಕೆಂಪು ಇಟ್ಟಿಗೆಯ ಕಟ್ಟಡ, ಹತ್ತು ಸಂಸಾರ. ಯಾರ ಮನೆ ಯಾವುದೆಂದು ತಿಳಿಯುವುದು ಹೊರಬಾಗಿಲ ಕರೆಗಂಟೆಯ ಪಕ್ಕದ ಹೆಸರಿನಿಂದ. ಅಂಚೆ ಪೆಟ್ಟಿಗೆಗೂ ಅದೇ ನಿಯಮ: ಹೆಸರಿಲ್ಲದಿದ್ದರೆ ಕಾಗದವಿಲ್ಲ. ಬಂದ ಎರಡನೆಯ ವಾರ ನನ್ನ ಹೆಸರಿಗಿದ್ದ ಬ್ಯಾಂಕಿನ ಪತ್ರವೊಂದು ವಾಪಸ್ ಹೋದ ಮೇಲೆಯೇ ಇದು ಗೊತ್ತಾದದ್ದು. ಅಂದು ಸಂಜೆ ಒಂದು ಚೀಟಿಯಲ್ಲಿ ಹೆಸರು ಬರೆದು, ಮನೆ ಕೊಟ್ಟವಳ ಹೆಸರಿನ ಕೆಳಗೆ ಟೇಪು ಹಚ್ಚಿ ಅಂಟಿಸಿದೆ. ಅವಳದು ಹಿತ್ತಾಳೆಯ ಫಲಕದಲ್ಲಿ ಕೊರೆದ ಹೆಸರು. ನನ್ನದು ಬಾಲ್‌ಪೆನ್ನಿನದು. ಹತ್ತು ದಿನಕ್ಕೊಮ್ಮೆ ಮಳೆಗೆ ಅಳಿಸಿಹೋಗುತ್ತದೆ, ಮತ್ತೆ ಬರೆದು ಅಂಟಿಸುತ್ತೇನೆ.

ನಾನು ಮೂಡಿಗೆರೆ ಕಡೆಯವಳು. ಮನೆಯಲ್ಲಿ ಎಂಟು ಎಕರೆ ಕಾಫಿ ತೋಟ, ಮುಕ್ಕಾಲು ಪಾಲು ರೊಬಸ್ಟಾ, ಉಳಿದದ್ದು ಅರೇಬಿಕಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಕೆಲಸ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಎಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ: ಬಂದ ಕಾಫಿಯ ತೇವ ಅಳೆಯುವುದು, ಕೆಟ್ಟ ಬೀಜ ಎಣಿಸುವುದು, ಹುರಿದು ರುಚಿ ನೋಡುವುದು. ನಮ್ಮಿಂದ ಕಾಫಿ ಕೊಳ್ಳುವ ಇಲ್ಲಿನ ಕಂಪನಿಯೊಂದರ ಸ್ಯಾಂಪಲ್ ಕೋಣೆಯಲ್ಲಿ ಒಬ್ಬಾಕೆ ಮಗು ನೋಡಿಕೊಳ್ಳಲು ರಜೆ ಹಾಕಿದಳು. ಜರ್ಮನಿಯಲ್ಲಿ ತಾಯಿಯಾಗಲಿ ತಂದೆಯಾಗಲಿ ಮೂರು ವರ್ಷದವರೆಗೂ ಹೀಗೆ ರಜೆ ಪಡೆಯಬಹುದು, ಕೆಲಸ ಹೋಗುವುದಿಲ್ಲ. ಆಕೆ ಕೇಳಿದ್ದು ಆರೇ ತಿಂಗಳು. ಅಷ್ಟು ದಿನ ಅವಳ ಕುರ್ಚಿಯಲ್ಲಿ ಕೂರಲು ನನಗೆ ಕರೆ ಬಂತು. ಒಪ್ಪಂದ 2025ರ ಅಕ್ಟೋಬರ್ 1ರಿಂದ 2026ರ ಮಾರ್ಚ್ 31ರವರೆಗೆ. ಹೊರಡುವ ಮುನ್ನ ಅವ್ವ ಹೇಳಿದ್ದು ಒಂದೇ ಮಾತು: "ಆರು ತಿಂಗಳಿಗೆಂದು ಪಾತ್ರೆಪಗಡ ಕೊಳ್ಳಬೇಡ."

ಕೊಳ್ಳುವ ಪ್ರಸಂಗವೇ ಬರಲಿಲ್ಲ. ಕುರ್ಚಿ ಒಬ್ಬರದಾದರೆ ಹಾಸಿಗೆ ಇನ್ನೊಬ್ಬರದು. ಆರು ತಿಂಗಳಿಗೆ ಬರುವವರಿಗೆ ಇಲ್ಲಿ ಯಾರೂ ಮನೆ ಕೊಡುವುದಿಲ್ಲ. ಕೋಣೆ ಕೇಳಿ ಬರೆದ ನನ್ನ ಪತ್ರದ ಎರಡನೆಯ ಸಾಲಿನಲ್ಲಿ ಮಾರ್ಚ್ ಎಂಬ ಪದ ಕಂಡೊಡನೆ ಉತ್ತರ ನಿಂತುಹೋಗುತ್ತಿತ್ತು. ಕೋಣೆ ತೋರಿಸುವ ಮೊದಲೇ ಮುಂಗಡ ಕಳಿಸಿ ಎಂದವನೊಬ್ಬನಿದ್ದ. ಅವನಿಗೆ ನಾನೇ ಉತ್ತರ ನಿಲ್ಲಿಸಿದೆ. ಕೊನೆಗೆ ಸಿಕ್ಕಿದ್ದು ಇಲ್ಲಿಯವರು 'ತ್ಸ್ವಿಶನ್‌ಮೀಟೆ' ಎನ್ನುವ ವ್ಯವಸ್ಥೆ. ನಡುಬಾಡಿಗೆ ಎನ್ನೋಣ. ಬಾಡಿಗೆದಾರಳೇ ಕೆಲವು ತಿಂಗಳು ಬೇರೆಲ್ಲೋ ಹೋಗುವಾಗ ತನ್ನ ಕೋಣೆಯನ್ನು ಸಾಮಾನು ಸಮೇತ ಮತ್ತೊಬ್ಬರಿಗೆ ಬಿಟ್ಟುಹೋಗುವುದು. ನನ್ನವಳು ಓದಲೆಂದು ಸ್ಪೇನಿಗೆ ಹೋದ ವಿದ್ಯಾರ್ಥಿನಿ. ತಿಂಗಳಿಗೆ 620 ಯೂರೋ. ಯೂರೋ ನೂರು ರೂಪಾಯಿ ದಾಟಿದ ಕಾಲ, ಲೆಕ್ಕ ಹಾಕುವುದನ್ನು ಮೊದಲ ವಾರವೇ ಬಿಟ್ಟೆ. ಅವಳ ಕಂಬಳಿ, ಅವಳ ಬಾಣಲೆ, ಗೋಡೆಯ ಮೇಲೆ ಅವಳ ಅಜ್ಜಿಯ ಫೋಟೊ. ಆ ಅಜ್ಜಿ ಬೆಳಿಗ್ಗೆ ಏಳುವಾಗ ನನ್ನನ್ನು ನೋಡುವ ರೀತಿಗೆ ಇನ್ನೂ ಒಗ್ಗಿಲ್ಲ.

ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಅರ್ಜಿಯಲ್ಲಿ ಧರ್ಮ ಯಾವುದೆಂದು ಕೇಳಿದ್ದರು. ಗಾಬರಿಯಾಗಬೇಡಿ, ಚರ್ಚಿನ ತೆರಿಗೆ ಹಿಡಿಯಲು. ಕೆಲವು ವಾರಗಳ ನಂತರ ಅಂಚೆ ಪೆಟ್ಟಿಗೆಯಲ್ಲಿ, ಈ ಸಲ ನನ್ನ ಚೀಟಿಯ ದಯದಿಂದ, ತೆರಿಗೆ ಸಂಖ್ಯೆಯ ಪತ್ರ ಬಂತು. ಹನ್ನೊಂದು ಅಂಕಿ. ಈ ಸಂಖ್ಯೆ ನಿಮಗೆ ಜೀವಮಾನಪೂರ್ತಿ ಎಂದು ಕಚೇರಿಯಲ್ಲಿ ವಿವರಿಸಿದರು. ಹಾಸಿಗೆ ಬಾಡಿಗೆಯದು, ಕುರ್ಚಿ ಎರವಲು, ಬಾಗಿಲ ಹೆಸರು ಮಳೆಗೆ ಕರಗುವಂಥದ್ದು. ತೆರಿಗೆ ಸಂಖ್ಯೆ ಮಾತ್ರ ಶಾಶ್ವತ. ಅಪ್ಪನಿಗೆ ಹೇಳಿದಾಗ ತುಂಬಾ ಹೊತ್ತು ನಕ್ಕರು.

ಇಡೀ ನಗರದಲ್ಲಿ ನನ್ನಂಥವರಿಗೆಂದೇ ಮಾಡಿದಂತಿರುವುದು ದೇಶಕ್ಕೆಲ್ಲ ಒಂದೇ ಆದ ಪ್ರಯಾಣ ಪಾಸು. ಬಸ್ಸು, ಟ್ರಾಮು, ಲೋಕಲ್ ರೈಲು ಎಲ್ಲದಕ್ಕೂ ಸಲ್ಲುತ್ತದೆ. ಜನವರಿಯಿಂದ 58 ಯೂರೋ ಇದ್ದದ್ದು 63 ಆಯಿತು. ಬೇಡವಾದ ತಿಂಗಳ ಹಿಂದಿನ ಹತ್ತನೆಯ ತಾರೀಖಿನೊಳಗೆ ತಿಳಿಸಿದರೆ ಸಾಕು, ಯಾಕೆ ಏನು ಎಂದು ಕೇಳದೆ ನಿಲ್ಲಿಸುತ್ತಾರೆ.

ಹ್ಯಾಂಬರ್ಗ್ ಬರ್ಲಿನ್ ಬಿಟ್ಟರೆ ಈ ದೇಶದ ಅತಿ ದೊಡ್ಡ ಊರು. ಹತ್ತೊಂಬತ್ತು ಲಕ್ಷದಷ್ಟು ಜನ. ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಹನ್ನೊಂದು ಲಕ್ಷ ಚಿಲ್ಲರೆ. ಮಳೆಯ ಊರು ಎಂದು ಇಲ್ಲಿಯವರೇ ಹಳಹಳಿಸುತ್ತಾರೆ. ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು, ಅಪ್ಪನ ಲೆಕ್ಕದಲ್ಲಿ ಮೂವತ್ತು ಇಂಚು. ಮುಂಗಾರು ಜೋರಾದರೆ ನಮ್ಮ ಕಡೆ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಬೀಳುವುದುಂಟು. ಆದರೆ ನಮ್ಮ ಮಳೆ ಬಿದ್ದು ಮುಗಿಸುತ್ತದೆ, ಇಲ್ಲಿನದು ಬೀಳಲೋ ಬೇಡವೋ ಎಂದು ದಿನವಿಡೀ ಯೋಚಿಸುತ್ತದೆ. ಮಳೆಗಿಂತ ಕಷ್ಟವಾದದ್ದು ಕತ್ತಲೆ. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟೂವರೆಗೆ, ನಾಲ್ಕಕ್ಕೆ ಸೂರ್ಯ ಮುಳುಗಿರುತ್ತಾನೆ. ಕಿಟಕಿ ಇಲ್ಲದ ಕೋಣೆಯಲ್ಲಿ ಕೆಲಸ ಮಾಡುವವಳು ವಾರಗಟ್ಟಲೆ ಬಿಸಿಲು ನೋಡುವುದು ಶನಿವಾರ, ಭಾನುವಾರ ಮಾತ್ರ, ಅದೂ ಬಿಸಿಲಿದ್ದರೆ.

ಕೆಲಸದ ಬಗ್ಗೆ ಹೇಳಲೇಬೇಕು. ಬೆಳಿಗ್ಗೆ ಸ್ಯಾಂಪಲ್ ತಟ್ಟೆಗಳು ಸಾಲಾಗಿ ಬರುತ್ತವೆ: ಬ್ರೆಜಿಲ್, ವಿಯೆಟ್ನಾಂ, ಇಥಿಯೋಪಿಯಾ, ಹೊಂಡುರಾಸ್. ಮುನ್ನೂರು ಗ್ರಾಂ ಹರಡಿ ಕಪ್ಪು ಬೀಜ, ಒಡೆದದ್ದು, ಹುಳು ಕೊರೆದದ್ದು ಆರಿಸುತ್ತೇನೆ. ಆಮೇಲೆ ಹುರಿದು, ಬಟ್ಟಲಿಗೆ ಎಂಟೂಕಾಲು ಗ್ರಾಂ ತರಿ ಪುಡಿ, ಮೇಲೆ 150 ಮಿಲಿಲೀಟರ್ ಬಿಸಿನೀರು. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಗು ಬಗ್ಗಿಸುವುದು. ಆರಿದ ಮೇಲೆ ಸುರ್ ಎಂದು ಸದ್ದು ಮಾಡಿಯೇ ಹೀರಬೇಕು, ಆಗಲೇ ರುಚಿ ಬಾಯಿತುಂಬ ಹರಡುವುದು. ಮನೆಯಲ್ಲಿ ಹಾಗೆ ಕುಡಿದಿದ್ದರೆ ಅವ್ವ ತಲೆಗೆ ಮೊಟಕುತ್ತಿದ್ದಳು.

ನನಗೆ ಕೆಲಸ ಹೇಳುವವರು ಅರವತ್ತು ದಾಟಿದ ಮನುಷ್ಯ, ನಾಲ್ಕು ದಶಕ ಬರೀ ಕಾಫಿ ಹೀರಿದವರು. ಜರ್ಮನ್ ಭಾಷೆಯಲ್ಲೂ ನಮ್ಮಂತೆ ನೀನು, ನೀವು ಎರಡೂ ಇವೆ. ಆದರೆ ಕಚೇರಿಯಲ್ಲಿ ಎಲ್ಲರೂ ಎಲ್ಲರಿಗೂ ನೀನು. ಅವರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಮೂರು ತಿಂಗಳು ವಾಕ್ಯವನ್ನೇ ತಿರುಚಿ ತಿರುಚಿ, ನೀನು ನೀವು ಎರಡೂ ಬರದಂತೆ ಮಾತಾಡಿದೆ. ಕೊನೆಗೆ ಅವರೇ, "ನಿನಗೆ ನನ್ನ ಮೇಲೆ ಕೋಪವೇ?" ಎಂದು ಕೇಳಿದರು. ಇಲ್ಲಿ ಬಹುವಚನ ದೂರ ಇಡುವುದಕ್ಕೂ ಬಳಕೆಯಾಗುತ್ತದೆ ಎಂಬುದು ಆಗ ತಿಳಿಯಿತು.

ಊರಿಂದ ತಂದಿದ್ದ ಚಿಕೋರಿ ಬೆರೆತ ಪುಡಿಯನ್ನು ಒಮ್ಮೆ ಅವರಿಗೆ ಫಿಲ್ಟರಿನಲ್ಲಿ ಮಾಡಿಕೊಟ್ಟೆ. ಮೂಸಿ, ಕಣ್ಣರಳಿಸಿ ನಕ್ಕರು. ಚಿಕೋರಿ ಎಂದರೆ ಇಲ್ಲಿ ಯುದ್ಧಕಾಲದ ನಕಲಿ ಕಾಫಿ, ಕಾಫಿ ಸಿಗದಾಗ ಅವರ ಅಜ್ಜಿ ಕುದಿಸುತ್ತಿದ್ದದ್ದು. ಹಾಲು ಸಕ್ಕರೆ ಹಾಕಿ ಕುಡಿಯಬೇಕು ಎಂದೆ. ಕುಡಿದರು. ಇನ್ನೊಂದು ಲೋಟ ಕೇಳಿದರು, ಯಾರಿಗೂ ಹೇಳಬೇಡ ಎಂದರು.

ಡಿಸೆಂಬರಿನ ಒಂದು ದಿನ ಉಗ್ರಾಣಕ್ಕೆ ಹೋದಾಗ 14 ಎಂಬ ಅಂಕಿಯಿಂದ ಶುರುವಾಗುವ ಮೂಟೆಗಳು ಕಂಡವು. ಪ್ರತಿ ದೇಶದ ಚೀಲಕ್ಕೂ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಒಂದು ಗುರುತಿನ ಸಂಖ್ಯೆ ಇರುತ್ತದೆ, ಭಾರತದ್ದು 14. ಅರವತ್ತು ಕೆ.ಜಿ. ಸೆಣಬಿನ ಚೀಲ. ಸುತ್ತ ಯಾರೂ ಇಲ್ಲದಿದ್ದಾಗ ಮೂಗಿಟ್ಟು ನೋಡಿದೆ: ಹಸಿ ಬೀಜ, ಸೆಣಬು, ಒಣಗಿದ ಕಣದ ವಾಸನೆ. ಯಾರ ತೋಟದ್ದೋ ಏನೋ. ಹುರಿದ ಕಾಫಿಗೆ ಇಲ್ಲಿ ಕೆ.ಜಿ.ಗೆ 2.19 ಯೂರೋ ಕಾಫಿ ತೆರಿಗೆಯೇ ಇದೆ. ಇನ್ನೂರಕ್ಕೂ ಹೆಚ್ಚು ರೂಪಾಯಿ. ಕೆಲವೇ ವರ್ಷಗಳ ಹಿಂದೆ ಅಪ್ಪ ರೊಬಸ್ಟಾ ಚೆರ್ರಿಯನ್ನು, ಎಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣನ್ನು, ಕೆ.ಜಿ.ಗೆ ನೂರು ರೂಪಾಯಿಯೂ ಕಾಣದೆ ಮಾರಿದ್ದರು. ಇದನ್ನು ಅವರಿಗೆ ಹೇಳಲಿಲ್ಲ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ನಡೆಯುತ್ತೇನೆ. ಹೆಚ್ಚಾಗಿ ಹೋಗುವುದು ಸ್ಪೈಶರ್‌ಷ್ಟಾಟ್‌ಗೆ, ಎಂದರೆ ಗೋದಾಮುಗಳ ಊರಿಗೆ. 1883ರಿಂದ 1927ರವರೆಗೆ ನೀರಿನಲ್ಲಿ ಮರದ ಕಂಬ ಹುಗಿದು ಕಟ್ಟಿದ ಸಾಲು ಸಾಲು ಉಗ್ರಾಣಗಳು, ನಡುವೆ ಕಾಲುವೆ, ಪ್ರತಿ ಕಟ್ಟಡದ ನೆತ್ತಿಯಲ್ಲಿ ದೋಣಿಯಿಂದ ಮೂಟೆ ಮೇಲೆತ್ತುತ್ತಿದ್ದ ರಾಟೆ. ಕಾಫಿಯ ವ್ಯಾಪಾರಕ್ಕೆಂದೇ 1887ರಲ್ಲಿ ಇಲ್ಲಿ ವಿನಿಮಯ ಕೇಂದ್ರ ಶುರುವಾಗಿತ್ತು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಫೋಟೊ ತೆಗೆಯುವವರೇ ಹೆಚ್ಚು. ಕಾಫಿ ಈಗ ಕಂಟೇನರಿನಲ್ಲಿ ಬಂದು ಬೇರೆಡೆ ಇಳಿಯುತ್ತದೆ.

ಒಮ್ಮೆ ಎಲ್ಬೆ ನದಿಯ ದೋಣಿಯಲ್ಲಿ ಕನ್ನಡ ಕೇಳಿಸಿತು. ಇದೇ ಪಾಸಿನಲ್ಲಿ ಹತ್ತಬಹುದಾದ 62ನೆಯ ನಂಬರಿನ ದೋಣಿ. ಅರಸೀಕೆರೆಯ ದಂಪತಿ, ಜೊತೆಗೆ ಪುಟ್ಟ ಮಗಳು. ಹಾಸನ, ಬೇಲೂರು, ಮೂಡಿಗೆರೆ ಎಂದು ನಂಟು ಹುಡುಕಿ ಅರ್ಧ ಗಂಟೆ ಮಾತಾಡಿದೆವು. ಆಕೆ ಮನೆಗೆ ಬನ್ನಿ ಎನ್ನುತ್ತ ಮೊಬೈಲ್ ತೆಗೆದರು. "ಎಷ್ಟು ವರ್ಷಕ್ಕೆ ಬಂದಿದ್ದೀರಿ?" ಎಂದು ಕೇಳಿದರು. ಮಾರ್ಚ್‌ವರೆಗೆ ಎಂದೆ. "ಅಯ್ಯೋ, ಅಷ್ಟೇನಾ?" ಎಂದು ಮಗಳ ಟೊಪ್ಪಿ ಸರಿಮಾಡಿದರು. ಮೊಬೈಲ್ ಹಾಗೆಯೇ ಜೇಬಿಗೆ ಹೋಯಿತು. ಅವರ ಮೇಲೆ ನನಗೆ ಬೇಸರವಿಲ್ಲ. ಬಂದು ಹೋಗುವವರನ್ನು ಎಷ್ಟು ಜನರನ್ನು ಹಚ್ಚಿಕೊಂಡು ಕಳಿಸಿದ್ದಾರೋ.

ಆದರೆ ಆ ಮೊಬೈಲ್ ಜೇಬಿಗಿಳಿದದ್ದನ್ನು ನೋಡಿದಾಗ ನೆನಪಾದದ್ದು ನಮ್ಮ ಮನೆಯ ಲೈನ್, ತೋಟದ ಆಳುಗಳು ಇಳಿದುಕೊಳ್ಳುವ ಸಾಲುಮನೆ. ಕೊಯ್ಲಿಗೆ ಈಗ ಊರಿನ ಆಳು ಸಿಗುವುದಿಲ್ಲ, ಅಸ್ಸಾಮಿನಿಂದ, ಜಾರ್ಖಂಡಿನಿಂದ, ಉತ್ತರ ಕರ್ನಾಟಕದಿಂದ ಬರುತ್ತಾರೆ. ಮೂರು ನಾಲ್ಕು ತಿಂಗಳಿದ್ದು ಹೋಗುತ್ತಾರೆ. ಆಳುಗಳ ಹಾಜರಿ, ಕೂಲಿ ಬರೆಯುವ ಅಪ್ಪನ ಚೆಕ್‌ರೋಲ್ ಪುಸ್ತಕದಲ್ಲಿ ಅವರ ಹೆಸರಿಲ್ಲ. ಅಸ್ಸಾಂ 1, ಅಸ್ಸಾಂ 2, ಅಸ್ಸಾಂ 2ರ ಹೆಂಡತಿ. ಕೆಟ್ಟತನದಿಂದ ಬರೆದದ್ದಲ್ಲ, ಸಂಜೆ ಬುಟ್ಟಿ ತೂಗುವಾಗ ಬೇಗ ಬರೆದುಕೊಳ್ಳಲು. ಕಾಲೇಜಿನ ದಿನಗಳಲ್ಲಿ ಆ ಪುಸ್ತಕ ಬರೆದವಳು ನಾನೇ. ಜನವರಿಯಲ್ಲಿ ಫೋನಿನಲ್ಲಿ, ಈ ಸಲ ಬಂದವರ ಹೆಸರೇನು ಎಂದು ಅಪ್ಪನನ್ನು ಕೇಳಿದೆ.

"ಯಾಕೆ, ಏನಾಯಿತು?"

"ಸುಮ್ಮನೆ ಕೇಳಿದೆ."

"ಆಧಾರ್ ನಕಲು ಇದೆ, ನೋಡಿ ಹೇಳಬೇಕು," ಎಂದರು. ಆಮೇಲೆ ಮೆಣಸಿನ ದರದ ಮಾತು ತೆಗೆದರು.

ಇನ್ನು ಗಿಡದ ವಿಷಯ. ಕೋಣೆಯ ಕಿಟಕಿಯಲ್ಲಿ ಒಡತಿ ನಾಲ್ಕು ಕುಂಡ ಬಿಟ್ಟುಹೋಗಿದ್ದಳು, ಪಕ್ಕದಲ್ಲಿ ಐದು ಸಾಲಿನ ಸೂಚನೆ. ಮೂರನೆಯ ಕುಂಡದ್ದು ಕಾಫಿ ಗಿಡ. ಇಲ್ಲಿ ಇದೇನೂ ಅಪರೂಪವಲ್ಲ, ಗಿಡದ ಅಂಗಡಿಗಳಲ್ಲಿ ಮನೆಯ ಅಲಂಕಾರಕ್ಕೆಂದೇ ಅರೇಬಿಕಾ ಮಾರುತ್ತಾರೆ. ಆದರೆ ಸೊಂಪಾಗಿ ಕಾಣಲೆಂದು ಒಂದು ಅಂಗೈಯಗಲದ ಕುಂಡದಲ್ಲಿ ಎಂಟು ಸಸಿ ತುರುಕಿರುತ್ತಾರೆ. ಸೂಚನೆಯಲ್ಲಿ ಹೀಗಿತ್ತು: ವಾರಕ್ಕೊಮ್ಮೆ ನೀರು, ನೇರ ಬಿಸಿಲು ಬೇಡ. ಹುಟ್ಟಿದಾಗಿನಿಂದ ಕಾಫಿಯ ನಡುವೆ ಬೆಳೆದವಳಿಗೆ ಈ ಪಾಠ.

ವಿಡಿಯೊ ಕರೆಯಲ್ಲಿ ತೋರಿಸಿದ ದಿನ ಅಪ್ಪನಿಗೆ ಹ್ಯಾಂಬರ್ಗ್ ಮರೆತೇಹೋಯಿತು. ಬಂದರು, ಎತ್ತರದ ಕಟ್ಟಡ, ಹಡಗು ಯಾವುದೂ ಬೇಡ. "ಹತ್ತಿರ ಹಿಡಿ. ಎಲೆಯ ಅಡಿಭಾಗ ತೋರಿಸು. ಇದು ಇನ್ನೂ ಒಟ್ಟುಪಾತಿಯಲ್ಲೇ ಇದೆಯಲ್ಲ! ಬಿಡಿಸಿ ಒಂದೊಂದು ಕವರಿಗೆ ಹಾಕು." ನನ್ನ ಗಿಡವಲ್ಲ ಎಂದೆ. "ಯಾರ ಗಿಡವಾದರೇನು, ಉಸಿರು ಕಟ್ಟಿದೆ." ಪ್ರತಿ ಭಾನುವಾರ ಇದೇ. ಮೂರು ತಿಂಗಳು ಮುಂದೂಡಿದೆ. ಇನ್ನೊಬ್ಬರ ಬಾಣಲೆಯಲ್ಲಿ ಒಗ್ಗರಣೆ ಹಾಕಬಹುದು, ಇನ್ನೊಬ್ಬರ ಗಿಡದ ಬೇರು ಬಿಡಿಸುವುದು ಹೇಗೆ? ಫೆಬ್ರವರಿಯಲ್ಲಿ ಧೈರ್ಯ ಮಾಡಿ ಸ್ಪೇನಿಗೆ ಬರೆದೆ. ನಿನಗೆ ಸರಿ ಕಂಡಂತೆ ಮಾಡು, ಅದೇನು ಒಂದು ಗಿಡ ತಾನೇ ಎಂದು ಉತ್ತರ ಬಂತು.

ಅಡುಗೆಮನೆಯ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಕುಂಡ ಮಗುಚಿ, ಹೆಣೆದುಕೊಂಡ ಬೇರುಗಳನ್ನು ನೀರಿನಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಿದೆ. ತಾಯಿಬೇರು ಮಡಚಿದ್ದ ಎರಡರ ತುದಿ ಚಿವುಟಿದೆ, ನರ್ಸರಿಯಲ್ಲಿ ಮಾಡುವ ಹಾಗೆ. ಪಾತ್ರೆಪಗಡ ಕೊಳ್ಳದಿದ್ದವಳು ಎಂಟು ಮೊಸರಿನ ಡಬ್ಬಿ ಕೊಂಡೆ, ವಾರವಿಡೀ ಮೊಸರನ್ನ ತಿಂದೆ. ಎರಡು ಬಾಡಿದವು. ಆರು ಹಿಡಿದುಕೊಂಡವು. ಒಂದನ್ನು ಕಚೇರಿಯ ಹಿರಿಯರು ಕೇಳಿ ತೆಗೆದುಕೊಂಡು ಹೋದರು. ಅವರ ಬಾಯಲ್ಲಿ ಎಷ್ಟೋ ದೇಶದ ಕಾಫಿ ಹಾದುಹೋಗಿದೆ, ಮನೆಯಲ್ಲಿ ಗಿಡ ಇರಲಿಲ್ಲವಂತೆ.

ಈಗ ಉಳಿದಿರುವುದು ಎರಡು ವಾರ. ಊರಲ್ಲಿ ಕೊಯ್ಲು ಮುಗಿದು ಅಪ್ಪ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಿದ್ದಾರೆ. ಇಲ್ಲಿ ಪಾಸು ನಿಲ್ಲಿಸಿಯಾಯಿತು, ವಿಳಾಸದ ನೋಂದಣಿ ರದ್ದುಮಾಡಲು ಹೊರಡುವ ವಾರ ಅರ್ಜಿ ಹಾಕಬೇಕು. ಮೊನ್ನೆ ಅಪ್ಪ ಕೇಳಿದರು: "ನೀನು ಬಂದ ಮೇಲೆ ಆ ಗಿಡಗಳ ಕಂಬಚಿಗುರು ಯಾರು ತೆಗೆಯುತ್ತಾರೆ?"

ಹಾಗಾಗಿ ಒಡತಿಯ ಚೀಟಿಯ ಕೆಳಗೆ ಆರನೆಯ ಸಾಲು ಬರೆದೆ. ಕಾಂಡದಿಂದ ನೇರ ಮೇಲಕ್ಕೆ ಹೊರಡುವ ಚಿಗುರನ್ನು ಚಿವುಟಿ ತೆಗೆಯಿರಿ, ಅಡ್ಡ ಹೊರಟ ರೆಕ್ಕೆಯನ್ನು ಬಿಡಿ. ಜರ್ಮನ್ ಸರಿಯಿದೆಯೇ ಎಂದು ಕಚೇರಿಯ ಹಿರಿಯರಿಗೆ ತೋರಿಸಿದೆ. ಅವರು ಒಂದೇ ತಿದ್ದುಪಡಿ ಮಾಡಿದರು: ತೆಗೆಯಿರಿ ಎಂದಿದ್ದದ್ದನ್ನು ಹೊಡೆದು, ತೆಗೆ ಎಂದು ಬರೆದರು.