ಒಂದು ಸಂಜೆ, ಒಂದು ‘ಹೇಸ್’

‘ಹುಲಿ ಕೊಂದ ಬೇಟೆಗಾರ’ ಅಂದರೆ ಸತ್ತದ್ದು ಯಾರು? ಕನ್ನಡದ ‘ಕೊಂದ’ ಬಾಯಿ ಬಿಡುವುದಿಲ್ಲ. ಹಿಂದುಮುಂದಿನ ಮಾತಿನಿಂದ ನಾವೇ ಊಹಿಸಿಕೊಳ್ಳಬೇಕು. ಪ್ರಾಚೀನ ಗ್ರೀಕಿನಲ್ಲಿ ಬೇಟೆಗಾರನ ಬೆನ್ನಿಗೆ ‘ಹೊಸ್’ ಬಂದರೆ ಕೊಂದವನು ಅವನು, ‘ಹೊನ್’ ಬಂದರೆ ಸತ್ತವನು ಅವನು. ಅಲ್ಲಿಗೆ ಮುಗಿಯಿತು.

ನಿಯಮ ಚಿಕ್ಕದು. ‘ಹೊಸ್’, ‘ಹೊನ್’ ಸಂಬಂಧಸೂಚಕ ಸರ್ವನಾಮಗಳು, ಅಂದರೆ ‘ಯಾವನು’, ‘ಯಾವುದು’ ಎಂದು ನಾಮಪದಕ್ಕೆ ಉಪವಾಕ್ಯವನ್ನು ಕಟ್ಟುವ ಪದಗಳು. ಇಂಥ ಸರ್ವನಾಮದ ಲಿಂಗ, ವಚನ ಹಿಂದಿನ ನಾಮಪದದಿಂದ ಬರುತ್ತವೆ. ವಿಭಕ್ತಿ ಮಾತ್ರ ಅದರ ಸ್ವಂತ ಉಪವಾಕ್ಯದಿಂದ. ಪ್ರಥಮಾ ಏಕವಚನ, ಪುಲ್ಲಿಂಗ-ಸ್ತ್ರೀಲಿಂಗ-ನಪುಂಸಕಲಿಂಗದ ಕ್ರಮದಲ್ಲಿ, ಹೊಸ್, ಹೇ, ಹೊ. ಸಂಸ್ಕೃತ ಕಲಿತವರಿಗೆ ಇದು ಯಃ, ಯಾ, ಯತ್‌ಗಳ ದಾಯಾದಿ: ಪದದ ಮೊದಲಿನ ಯಕಾರ ಗ್ರೀಕಿನಲ್ಲಿ ಹಕಾರವಾಯಿತು, ಕೊನೆಯ ತಕಾರ ಉದುರಿತು. ಎ-ಏ, ಒ-ಓ ಬೇರೆಬೇರೆ ಇರುವ ನಮ್ಮ ಲಿಪಿ ಇಲ್ಲಿ ದೇವನಾಗರಿಗಿಂತ ಅನುಕೂಲ. ಓದುವಾಗ ಮಾತ್ರ ಸ್ವರದ ನೆತ್ತಿ ನೋಡದಿದ್ದರೆ ಕೆಟ್ಟಿತು. ‘ಹೇ’ಗೆ ಸ್ವರಭಾರದ ಗೆರೆ ಇದ್ದರೆ ಸರ್ವನಾಮ, ಇಲ್ಲದಿದ್ದರೆ ಸಾಮಾನ್ಯವಾಗಿ ಬರಿಯ ಆರ್ಟಿಕಲ್, ಇಂಗ್ಲಿಷಿನ ‘the’ ಇದ್ದಂತೆ. ಸ್ವರದ ಮೇಲೆ ಹಕಾರವನ್ನು ತೋರಿಸುವ ಕೊಕ್ಕೆ ತಿರುಗಿಕೊಂಡರೆ ಅದು ‘ಏ’, ಅಂದರೆ ‘ಅಥವಾ’.

ಇಷ್ಟು ಕಲಿತು, ಗ್ರೀಕ್ ಲೇಖಕ ಕ್ಸೆನೊಫೋನನ ದಂಡಯಾತ್ರೆಯ ಕಥನ ‘ಅನಾಬಸಿಸ್’ ಹಿಡಿದು ಕೂತ ಸಂಜೆ, ಮೊದಲ ಪುಸ್ತಕದ ಏಳನೇ ಅಧ್ಯಾಯದಲ್ಲಿ ಗಾಡಿ ನಿಲ್ಲುತ್ತದೆ. ಕ್ರಿ.ಪೂ. 401, ಕುನಾಕ್ಸಾ ಕದನಕ್ಕೆ ಮುನ್ನ. ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್ ತನ್ನ ಪಡೆಯ ಗ್ರೀಕ್ ದಳಪತಿಗಳಿಗೆ ಹೇಳುತ್ತಾನೆ: ‘ಅಕ್ಸಿಯೊಯ್ ತೇಸ್ ಎಲೆಉಥೆರಿಯಾಸ್ ಹೇಸ್ ಕೆಕ್ತೇಸ್ಥೆ’, ನೀವು ಗಳಿಸಿಕೊಂಡಿರುವ ಸ್ವಾತಂತ್ರ್ಯಕ್ಕೆ ತಕ್ಕವರು.

ಮೊದಲು ಉಪವಾಕ್ಯದ ಕ್ರಿಯಾಪದ ಹುಡುಕಿ: ‘ಕೆಕ್ತೇಸ್ಥೆ’, ಗಳಿಸಿದ್ದೀರಿ. ಏನನ್ನು? ಸ್ವಾತಂತ್ರ್ಯವನ್ನು. ಹಾಗಾದರೆ ದ್ವಿತೀಯಾ ಬೇಕು, ‘ಹೇನ್’. ಅಲ್ಲಿರುವುದು ಷಷ್ಠಿಯ ‘ಹೇಸ್’! ಅಚ್ಚಿನ ತಪ್ಪಲ್ಲ. ‘ಅಕ್ಸಿಯೊಯ್’ ಷಷ್ಠಿ ಬೇಡುವ ಪದ, ಅದಕ್ಕೇ ಸ್ವಾತಂತ್ರ್ಯ ಷಷ್ಠಿಯಲ್ಲಿದೆ. ಪಕ್ಕದ ಸರ್ವನಾಮವೂ ಅದರ ಬಣ್ಣ ಬಳಿದುಕೊಂಡಿದೆ. ವ್ಯಾಕರಣಕಾರರು ಇದಕ್ಕೆ ಆಕರ್ಷಣೆ ಎನ್ನುತ್ತಾರೆ. ಹಿಂದಿನ ನಾಮಪದ ಷಷ್ಠಿ ಅಥವಾ ಚತುರ್ಥಿಯಲ್ಲಿದ್ದು, ಸರ್ವನಾಮ ದ್ವಿತೀಯೆಯಲ್ಲಿ ಬರಬೇಕಾದಾಗ ಇದು ಹೆಚ್ಚು. ಉಪವಾಕ್ಯ ಬರಿಯ ಹೆಚ್ಚುವರಿ ಮಾಹಿತಿಯಾದರೆ ಸಾಮಾನ್ಯವಾಗಿ ಆಗದು. ‘ಅದು, ಅವು’ ಎಂಬಂಥ ಪದವೇ ಮಾಯವಾಗಿ, ‘ನನ್ನ ಬಳಿ ಇರುವವುಗಳ’ ಎನ್ನಲು ‘ಹೋನ್ ಎಖೋ’ ಮಾತ್ರ ಉಳಿಯುವುದೂ ಉಂಟು. ಹೊಸಬರು ಸೋಲುವುದು ಹೆಚ್ಚಾಗಿ ಅಲ್ಲೇ, ಇಲ್ಲದ ನಾಮಪದವನ್ನು ಹುಡುಕುತ್ತಾ.

ಸರಿ, ಆಕರ್ಷಣೆ ಅರ್ಥವಾಯಿತು ಎಂದು ಮುಂದೆ ಹೋದರೆ ಅದೇ ವಾಕ್ಯದಲ್ಲಿ ಇನ್ನೊಂದು ‘ಹೇಸ್’: ‘ಯಾವುದಕ್ಕಾಗಿ ನಿಮ್ಮನ್ನು ಧನ್ಯರೆನ್ನುತ್ತೇನೋ’. ಇದನ್ನೂ ಆಕರ್ಷಣೆಯ ಲೆಕ್ಕಕ್ಕೆ ಹಾಕಬೇಡಿ. ಇಲ್ಲಿ ಷಷ್ಠಿ ಬೇಡುತ್ತಿರುವುದು ಆ ಉಪವಾಕ್ಯವೇ.