ಜನಪದ ಹಾಡಿಗೆ ಗಿಟಾರಿನಲ್ಲಿ ಯಾವ ಕಾರ್ಡ್ ಹಾಕಬೇಕು?

ಗಿಟಾರ್ ಹಿಡಿದು ಜನಪದ ಹಾಡಲು ಹೊರಟವರು ಬಹುತೇಕ ಎಲ್ಲರೂ ಕೇಳುವುದು ಇದನ್ನೇ: "ಬೀಸುವ ಪದಕ್ಕೆ, ತತ್ವಪದಕ್ಕೆ ಯಾವ ಕಾರ್ಡ್? ಎಷ್ಟು ಹುಡುಕಿದರೂ ಹೊಂದುತ್ತಿಲ್ಲ." ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಆಮೇಲೆ, ಮೊದಲು ಶ್ರುತಿ ಹಿಡಿಯಿರಿ ಎನ್ನುವುದು ನನ್ನ ಉತ್ತರ. ಅದು ಯಾಕೆ, ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ತತ್ವಪದಕ್ಕೆ ಏಕತಾರಿ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ ತಂಬೂರಿ, ಎಲ್ಲಮ್ಮನ ಜೋಗತಿಯರಿಗೆ ಚೌಡಿಕೆ. ಬೀಸುವ ಕಲ್ಲಿನ ಮುಂದೆ ಕೂತವರಿಗೆ ಕಲ್ಲಿನ ಸದ್ದೇ ಆಧಾರ. ಈ ಹಾಡುಗಳಲ್ಲಿ ಆಧಾರ ಸ್ವರವಾದ ಷಡ್ಜ (ಸ) ಹಾಕಿದ ಜಾಗದಿಂದ ಕದಲುವುದಿಲ್ಲ. ಸಾಲಿಗೊಂದು ಕಾರ್ಡ್ ಬದಲಿಸುತ್ತ ಹೋದರೆ ಕೇಳುವವರ ಕಿವಿಯಲ್ಲಿ ಷಡ್ಜವೇ ಜರುಗಿದ ಹಾಗಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಗಾಂಧಾರದ್ದು. ಮೇಜರ್ ಕಾರ್ಡಿನಲ್ಲಿ ಅಂತರ ಗಾಂಧಾರ (ಎತ್ತರದ ಗ) ಇರುತ್ತದೆ, ಮೈನರ್ ಕಾರ್ಡಿನಲ್ಲಿ ಸಾಧಾರಣ ಗಾಂಧಾರ (ತಗ್ಗಿನ ಗ). ಹಳ್ಳಿಯ ಕಂಠ ಎಷ್ಟೋ ಸಲ ಇವೆರಡರ ನಡುವೆ ನಿಲ್ಲುತ್ತದೆ, ಏರುವಾಗ ಒಂದು ಬಗೆ, ಇಳಿಯುವಾಗ ಇನ್ನೊಂದು ಬಗೆ. ಗಿಟಾರಿನ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಅಷ್ಟು ಬಾಗುವುದಿಲ್ಲ. ಆಗ ಹಾಡುವವರೇ ಅಪಸ್ವರ ಹಾಡುತ್ತಿದ್ದಾರೆ ಅನ್ನಿಸುತ್ತದೆ. ತಪ್ಪು ಅವರದಲ್ಲ, ಕಾರ್ಡಿನದು. ಹಾಗಾಗಿ ಗಾಂಧಾರವನ್ನು ಕಂಠಕ್ಕೇ ಬಿಟ್ಟುಬಿಡಬೇಕು. ಗಿಟಾರ್ ಅದನ್ನು ಮುಟ್ಟಲೇಬಾರದು.

ಮಾಮೂಲಿ ಶ್ರುತಿಯಲ್ಲಿ ಇದು ಕಷ್ಟ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಡಿ-ಎ-ಡಿ-ಜಿ-ಎ-ಡಿ (ಪಾಶ್ಚಾತ್ಯ ಸ್ವರಗಳ ಹೆಸರು) ಎಂಬ ಶ್ರುತಿಯಲ್ಲಿ ಸುಲಭ. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಇದನ್ನು ರೂಢಿಗೆ ತಂದದ್ದು ಮೊರಾಕೊದ ಔದ್ (ಫ್ರೆಟ್ ಇಲ್ಲದ ತಂತಿವಾದ್ಯ) ವಾದಕರ ಜೊತೆ ನುಡಿಸುವುದಕ್ಕಾಗಿ. ಅವರಿಗೆ ಎದುರಾದ ತೊಡಕೂ ನಮ್ಮದರಂಥದ್ದೇ.

ದಪ್ಪ ತಂತಿಯನ್ನು ಆರನೆಯದು ಎಂದು ಎಣಿಸಿ. ಆರನೆಯದನ್ನು ಇ ಯಿಂದ ಡಿಗೆ, ಎರಡನೆಯದನ್ನು ಬಿ ಯಿಂದ ಎಗೆ, ಒಂದನೆಯದನ್ನು ಇ ಯಿಂದ ಡಿಗೆ ಇಳಿಸಿ. ಉಳಿದ ಮೂರನ್ನು ಮುಟ್ಟಬೇಡಿ. ಪರೀಕ್ಷೆ ಹೀಗೆ: ಆರನೆಯ ತಂತಿಯ 7ನೇ ಫ್ರೆಟ್ ಒತ್ತಿದರೆ ತೆರೆದ ಐದನೆಯ ತಂತಿಯ ಸ್ವರ ಬರಬೇಕು, ಮೂರನೆಯದರ 2ನೇ ಫ್ರೆಟ್ ತೆರೆದ ಎರಡನೆಯದಕ್ಕೆ ಕೂಡಬೇಕು, ಎರಡನೆಯದರ 5ನೇ ಫ್ರೆಟ್ ತೆರೆದ ಒಂದನೆಯದಕ್ಕೆ. ತಂತಿಯನ್ನು ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಕ್ಕೆ ಇಳಿಸಿ, ಅಲ್ಲಿಂದ ಏರಿಸಿ ನಿಲ್ಲಿಸಿ. ಇಳಿಸುತ್ತ ಬಂದು ಅಲ್ಲೇ ಬಿಟ್ಟರೆ ಬಿರಡೆಯ ಸಡಿಲು ಉಳಿದು, ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಕೆಳಗಿಳಿದಿರುತ್ತದೆ. ತೆಳು ತಂತಿಯ ಸೆಟ್ ಇದ್ದರೆ ಆರನೆಯದು ಸಡಿಲವಾಗಿ ಫ್ರೆಟ್ಟಿಗೆ ಬಡಿದು ಗರ್ ಅನ್ನುತ್ತದೆ. 12ರ ಸೆಟ್ (ಒಂದನೆಯ ತಂತಿ 0.012 ಇಂಚು ದಪ್ಪ ಇರುವುದು) ಹಾಕಿ.

ಈಗ ಡಿಯನ್ನು ಷಡ್ಜ ಮಾಡಿಕೊಂಡರೆ ಆರನೆಯ ತಂತಿಯಿಂದ ಒಂದನೆಯದರವರೆಗೆ ಸಿಗುವುದು ಸ, ಪ, ಸ, ಮ, ಪ, ಸ. ಮೂರನೆಯ ತಂತಿಯ 2ನೇ ಫ್ರೆಟ್ ಮೇಲೆ ಒಂದೇ ಬೆರಳು ಇಡಿ, ಮಧ್ಯಮ ಹೋಗಿ ಅದೂ ಪಂಚಮವಾಗುತ್ತದೆ. ಆರೂ ತಂತಿ ತಂಬೂರಿಯ ಹಾಗೆ ಬರೀ ಷಡ್ಜ ಪಂಚಮ. ಮುಕ್ಕಾಲು ಹಾಡಿಗೆ ಇಷ್ಟೇ ಸಾಕು. ಧಾಟಿಯಲ್ಲಿ ಮಧ್ಯಮವೇ ಇಲ್ಲದಿದ್ದರೆ ಆ ಬೆರಳನ್ನು ಎತ್ತಲೇಬೇಡಿ. ಸಾಲು ಮಧ್ಯಮದ ಮೇಲೆ ನಿಲ್ಲುವ ಹಾಡಿದ್ದರೆ ಆರನೆಯ ಮತ್ತು ನಾಲ್ಕನೆಯ ತಂತಿಗಳ 5ನೇ ಫ್ರೆಟ್ ಹಿಡಿದು, ಐದನೆಯದನ್ನು ಬೆರಳ ತುದಿಯಿಂದ ಮುಚ್ಚಿ, ಉಳಿದವನ್ನು ತೆರೆದಿಡಿ. ಪಂಚಮದಲ್ಲಿ ನಿಂತರೆ ಮೂರನೆಯ ಮತ್ತು ನಾಲ್ಕನೆಯ ತಂತಿಗಳ 2ನೇ ಫ್ರೆಟ್ ಹಿಡಿಯಿರಿ, ಆರನೆಯದನ್ನು ಮೀಟಬೇಡಿ. ಎರಡರಲ್ಲೂ ಒಂದನೆಯ ತಂತಿಯ ಷಡ್ಜ ಮೇಲೆ ಮಿಡಿಯುತ್ತಲೇ ಇರುತ್ತದೆ.

ಗಂಡು ದನಿಗೆ ಇಲ್ಲಿಂದ ಒಂದೆರಡು ಫ್ರೆಟ್ ಮೇಲೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಸಾಕು. 1ನೇ ಫ್ರೆಟ್ಟಿನಲ್ಲಿ ಹಾಕಿದರೆ ಹಾರ್ಮೋನಿಯಂನ ಕರಿ ಎರಡು, ಅಂದರೆ ಎರಡನೆಯ ಕಪ್ಪು ಮನೆಯ ಶ್ರುತಿ. ಹೆಣ್ಣು ದನಿಗೆ 6, 7ನೇ ಫ್ರೆಟ್ಟಿಗೆ ಕೇಪೋ ಏರಿಸಿದರೆ ನಾದ ಕೀರಲಾಗುತ್ತದೆ. ಅದರ ಬದಲು ಐದನೆಯ ತಂತಿಯನ್ನು ಎ ಯಿಂದ ಜಿಗೆ ಇಳಿಸಿ ಜಿಯನ್ನೇ ಷಡ್ಜ ಮಾಡಿಕೊಳ್ಳಿ. ಆಗ ಪ, ಸ, ಪ, ಸ, ರಿ, ಪ ಸಿಗುತ್ತದೆ, ಎರಡನೆಯ ತಂತಿಯನ್ನು ಮಾತ್ರ ಬಿಟ್ಟು ಮೀಟಬೇಕು. ಕೇಪೋ 1ರಲ್ಲಿ ಕರಿ ನಾಲ್ಕು, 3ರಲ್ಲಿ ಕರಿ ಐದು.

ಇನ್ನು ಕಾರ್ಡ್ ಬದಲಿಸಲೇಬೇಕು ಅನ್ನಿಸಿದರೆ ಎಲ್ಲಿ? ಅದಕ್ಕೆ ಉತ್ತರ ಪದ್ಯದ ಕಟ್ಟಿನಲ್ಲೇ ಇದೆ. ಬೀಸುವ ಪದದ ಮೂರು ಸಾಲಿನ ಕಟ್ಟಾದ ತ್ರಿಪದಿಯಲ್ಲಿ 11 ಗಣ (ಲಯದ ತುಂಡು). 6 ಮತ್ತು 10ನೆಯದು ಗಿಡ್ಡ ಬ್ರಹ್ಮಗಣ, ಉಳಿದವು ವಿಷ್ಣುಗಣ. ಮಾದರಿಗೆಂದು ಕಟ್ಟಿದ್ದು ಇದು:

ಮಾಗಿಯಾ ಚಳಿಯಾಗ ರಾಗಿಯಾ ಬೀಸೇನ
ಬಾಗೀಲ ತೆರೆದು ತಂಗಾಳಿ ಬಂದೈತೆ
ಸಾಗಲಿ ಕಲ್ಲು ಗರಗರ

"ತೆರೆದು", "ಕಲ್ಲು" ಇವೇ ಆ ಎರಡು ಗಿಡ್ಡ ಗಣ. ಬರೆಯುವಾಗ ಮೂರು ಸಾಲಾದರೂ ಹಾಡುವಾಗ ನಾಲ್ಕಾಗುತ್ತದೆ. ಮೊದಲ ಸಾಲಾದ ಮೇಲೆ "ಬಾಗೀಲ ತೆರೆದು ತಂಗಾಳಿ" ಎಂದು ನಿಲ್ಲುತ್ತಾರೆ, ಮತ್ತೆ ಅಲ್ಲಿಂದಲೇ ಎತ್ತಿಕೊಂಡು "ಬಾಗೀಲ ತೆರೆದು ತಂಗಾಳಿ ಬಂದೈತೆ, ಸಾಗಲಿ ಕಲ್ಲು ಗರಗರ" ಎಂದು ಮುಗಿಸುತ್ತಾರೆ. ಗಮನಿಸಿ: "ಬಾಗೀಲ ತೆರೆದು ತಂಗಾಳಿ", "ಸಾಗಲಿ ಕಲ್ಲು ಗರಗರ" ಎರಡಕ್ಕೂ ಒಂದೇ ಅಳತೆ. ಅರ್ಧಕ್ಕೊಂದು, ಕೊನೆಗೊಂದು ತಂಗುದಾಣ. ಬದಲಾವಣೆ ಬೇಕಿದ್ದರೆ ಅರ್ಧದ ನಿಲುಗಡೆಯಲ್ಲಿ ಒಮ್ಮೆ ಪಂಚಮದ ಹಿಡಿತ, ಕೊನೆಯಲ್ಲಿ ಮರಳಿ ಷಡ್ಜ. ಗಿಟಾರಿನ ಸಣ್ಣ ಪಲುಕಿಗೂ (ನಡುವೆ ನುಡಿಸುವ ತುಣುಕು) "ತಂಗಾಳಿ"ಯ ನಂತರದ ಆ ಬಿಡುವೇ ಸರಿಯಾದ ಜಾಗ. ಮಾತಿನ ಮೇಲೆ ಪಲುಕು ಬೀಳಬಾರದು, ಪದ ಕೇಳಿಸದೆ ಹೋದರೆ ಬೀಸುವ ಪದ ಉಳಿಯುವುದಿಲ್ಲ.

ಹೊಸ ಪದ ಕಟ್ಟುವವರು ಎಡವುವುದೂ ಇಲ್ಲೇ. ಸ್ಟ್ರಮ್ (ತಂತಿ ಮೀಟುವ ಲಯ) ಮೊದಲು ಗಟ್ಟಿಮಾಡಿಕೊಂಡು ಮಾತನ್ನು ಅದರೊಳಗೆ ತುರುಕುತ್ತಾರೆ. ಗಿಡ್ಡ ಗಣ ಉದ್ದವಾಗುತ್ತದೆ, ಎರಡನೆಯ ಅಕ್ಷರದ ಪ್ರಾಸ (ಮಾಗಿ, ಬಾಗೀ, ಸಾಗ) ಕಳಚುತ್ತದೆ. ಗಿಟಾರ್ ಕೆಳಗಿಟ್ಟು, ತೊಡೆಯ ಮೇಲೆ ತಾಳ ಹಾಕಿ ಹಾಡಿ ನೋಡಿ. ಪದ ತಾನೇ ನಿಂತ ಮೇಲೆ ಗಿಟಾರ್ ಎತ್ತಿಕೊಳ್ಳಿ. ಬಲಗೈಗೆ "ತಕಿಟ ತಕಿಟ" ಒಂದೇ ಸಾಕು: ಹೆಬ್ಬೆರಳಿಂದ ಆರನೆಯ ತಂತಿ, ತೋರುಬೆರಳಿಂದ ಮೂರನೆಯದು, ನಡುಬೆರಳಿಂದ ಒಂದನೆಯದು, ಎರಡನೆಯ ತಕಿಟಕ್ಕೆ ಹೆಬ್ಬೆರಳು ನಾಲ್ಕನೆಯದಕ್ಕೆ ಹೋಗುತ್ತದೆ.

ವೇದಿಕೆಯಲ್ಲಿ ಮೈಕನ್ನು ಗಿಟಾರಿನ ದುಂಡು ಬಾಯಿಯ ಎದುರಿಗೇ ಇಡಬೇಡಿ. ಇಳಿಸಿದ ಆರನೆಯ ತಂತಿ ಅಲ್ಲಿ ಗುಂಯ್‌ಗುಟ್ಟಿ ಮಾತನ್ನು ನುಂಗುತ್ತದೆ. 12ನೇ ಫ್ರೆಟ್ಟಿನ ಕಡೆಗೆ ತಿರುಗಿಸಿ, ಒಂದು ಗೇಣು ದೂರ. ಪಕ್ಕದಲ್ಲಿ ದಮ್ಮಡಿಯೋ ಡೊಳ್ಳೋ ಇದ್ದರೆ ಆರನೆಯ ತಂತಿಯನ್ನು ಬಿಟ್ಟು, ನಾಲ್ಕನೆಯದರಿಂದ ಒಂದನೆಯದರವರೆಗಿನ ತಂತಿಗಳಲ್ಲೇ ನುಡಿಸಿ.